ಪರಿಚಯವಿಲ್ಲದ ಮಧ್ಯಮ ಗಾತ್ರದ ಊರಿನಲ್ಲಿ ಊಟಕ್ಕೆ ಎಲ್ಲಿ ಹೋಗಬೇಕೆಂದು ಹೇಗೆ ನಿರ್ಧರಿಸುತ್ತೀರಿ?

ನಾಲ್ಕು ದಿನದ ಅತಿಥಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕುಟುಂಬದ ಕೆಲಸವೊಂದರ ನಿಮಿತ್ತ ಎಪ್ಪತ್ತೈದು ದಾಟಿದ ನನ್ನ ತಂದೆ, ಎಂಟು ವರ್ಷದ ಮಗಳು ಮತ್ತು ನಾನು ಈವರೆಗೆ ಕಾಲಿಡದ ಒಂದು ಊರಿಗೆ ಹೋಗಿ ನಾಲ್ಕು ದಿನ ಉಳಿಯಬೇಕಾಗಿದೆ. ಅದು ಮಹಾನಗರವಲ್ಲ, ಚಿಕ್ಕ ಪಟ್ಟಣವೂ ಅಲ್ಲ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೆಸರು ಹೇಳಿದರೆ ಹತ್ತು ಹೋಟೆಲುಗಳ ಪಟ್ಟಿ ಸಿಗುತ್ತದೆ, ನಾವು ಹೋಗುವಷ್ಟರಲ್ಲಿ ಅವುಗಳಲ್ಲಿ ಕೆಲವು ಮುಚ್ಚಿರುತ್ತವೆ, ಕೆಲವು ಕೈ ಬದಲಾಗಿರುತ್ತವೆ. ಯಾವ ಊರಿಗೆ ಹೋದರೂ ಕೆಲಸಕ್ಕೆ ಬರುವ ಒಂದು ಕ್ರಮ ನನಗೆ ಬೇಕಾಗಿದೆ.

ಕೇಳಲು ಕಾರಣವಿದೆ. ಕಳೆದ ವರ್ಷ ಇಂಥದೇ ಒಂದು ಊರಿನಲ್ಲಿ, ಫೋನಿನಲ್ಲಿ 4.8 ರೇಟಿಂಗ್ ತೋರಿಸುತ್ತಿದ್ದ ಹೋಟೆಲೊಂದನ್ನು ಹುಡುಕಿಕೊಂಡು ಮಧ್ಯಾಹ್ನ ಮೂರೂವರೆಗೆ ಹೋದೆವು. ಒಳಗೆ ನಮ್ಮನ್ನು ಬಿಟ್ಟರೆ ಒಂದೇ ಮೇಜಿನಲ್ಲಿ ಜನರಿದ್ದರು. ಬಂದ ಊಟದ ಅಂಚು ಸುಡುತ್ತಿತ್ತು, ನಡುಭಾಗ ತಣ್ಣಗಿತ್ತು. ತಂದೆ ಏನೂ ಅನ್ನದೆ ಉಂಡರು. ರಾತ್ರಿ ಅವರ ಹೊಟ್ಟೆ ಕೆಟ್ಟಿತು, ಮರುದಿನ ಯಾವ ಕೆಲಸಕ್ಕಾಗಿ ಹೋಗಿದ್ದೆವೋ ಅದೇ ನಿಂತುಹೋಯಿತು. ಈ ಸಲ ಅವರನ್ನು ಆ ಪಾಡಿಗೆ ಗುರಿಮಾಡಲು ನನಗೆ ಮನಸ್ಸಿಲ್ಲ. ಅವರು ಉಪ್ಪು ಕಡಿಮೆ ತಿನ್ನಬೇಕು ಮತ್ತು ಊಟದ ಹೊತ್ತು ತಪ್ಪಬಾರದು ಎಂಬುದನ್ನೂ ಗಮನದಲ್ಲಿಟ್ಟು ದಯವಿಟ್ಟು ತಿಳಿಸಿ.

ಸುತ್ತಾಟದ ನೌಕರಿ

ಅತಿಥಿಯವರೇ, ಹದಿನಾಲ್ಕು ವರ್ಷಗಳಿಂದ ಮಾರಾಟ ಪ್ರತಿನಿಧಿಯಾಗಿ ತಿಂಗಳಲ್ಲಿ ಹದಿನೈದು ದಿನ ಇಂಥ ಊರುಗಳಲ್ಲೇ ಉಣ್ಣುತ್ತಿದ್ದೇನೆ. ಮಧ್ಯಮ ಊರಿನ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ಅಲ್ಲಿನ ಹೋಟೆಲ್ ಯಾರ ದುಡ್ಡಿನಲ್ಲಿ ಬದುಕುತ್ತದೆ ಎಂಬುದು. ಪ್ರವಾಸಿಗರು ದಿನವೂ ಬಂದಿಳಿಯುವ ದೊಡ್ಡ ನಗರದಲ್ಲಿ ಒಮ್ಮೆ ಉಂಡವರು ಮತ್ತೆ ಬಾರದಿದ್ದರೂ ವ್ಯಾಪಾರ ನಡೆಯುತ್ತದೆ, ಏಕೆಂದರೆ ನಾಳೆ ಬೇರೆಯವರು ಬರುತ್ತಾರೆ. ಮಧ್ಯಮ ಊರಿನಲ್ಲಿ ಆ ಅನುಕೂಲವಿಲ್ಲ. ಕೋರ್ಟಿಗೆ ಬರುವ ವಕೀಲರು, ಬ್ಯಾಂಕಿನವರು, ಆಸ್ಪತ್ರೆಯ ಸಿಬ್ಬಂದಿ, ಅಂಗಡಿ ಕೆಲಸದವರು ಹೀಗೆ ಅವವೇ ಮುಖಗಳು ವಾರಕ್ಕೆ ನಾಲ್ಕು ದಿನ ಬಂದರೆ ಮಾತ್ರ ಒಲೆ ಉರಿಯುತ್ತದೆ. ಇದಕ್ಕೆ ಹೊರತಾದ ಜಾಗಗಳು ಬಸ್ ನಿಲ್ದಾಣದ ಎದುರು, ರೈಲು ನಿಲ್ದಾಣದ ಬಾಗಿಲು ಮತ್ತು ನೋಡತಕ್ಕ ಸ್ಥಳದ ಮುಂಭಾಗ. ಅಲ್ಲಿ ಉಣ್ಣುವವನು ಮತ್ತೆ ಬರಲೇಬೇಕೆಂಬ ಒತ್ತಾಯ ಹೋಟೆಲಿನವರಿಗಿಲ್ಲ. ಅಲ್ಲಿರುವ ಎಲ್ಲವೂ ಕೆಟ್ಟವೆಂದು ನಾನು ಹೇಳುವುದಿಲ್ಲ, ಆದರೆ ಹತ್ತು ಹದಿನೈದು ನಿಮಿಷ ನಡೆದು ಕಚೇರಿ ಮತ್ತು ಮಾರುಕಟ್ಟೆಯ ಕಡೆಗೆ ಹೋದರೆ ಆಯ್ಕೆ ಬಹಳ ಸುಧಾರಿಸುವುದನ್ನು ಊರೂರಲ್ಲಿ ಕಂಡಿದ್ದೇನೆ.

ಎರಡನೆಯದು, ಕೇಳುವ ಪ್ರಶ್ನೆ. ‘ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?’ ಎಂದು ಕೇಳಿದರೆ ಕೇಳಿಸಿಕೊಂಡವರು ನಿಮ್ಮ ಬಟ್ಟೆಬರೆ ನೋಡಿ, ಅತಿಥಿಗೆ ಯಾವುದು ಶೋಭಿಸುತ್ತದೆ ಎಂದು ಯೋಚಿಸಿ, ಊರಿನ ಅತಿ ಆಡಂಬರದ ಜಾಗವನ್ನು ತೋರಿಸುತ್ತಾರೆ. ಅವರು ಅಲ್ಲಿಗೆ ವರ್ಷಕ್ಕೊಮ್ಮೆ ಹೋಗಿದ್ದರೆ ಹೆಚ್ಚು. ಅದಕ್ಕೆ ಬದಲಾಗಿ ‘ನಿನ್ನೆ ಮಧ್ಯಾಹ್ನ ನೀವು ಎಲ್ಲಿ ಊಟ ಮಾಡಿದಿರಿ?’ ಎಂದು ಕೇಳಿ ನೋಡಿ. ಕಳೆದ ತಿಂಗಳು ನಾನಿಳಿದ ಲಾಡ್ಜಿನ ಕೌಂಟರಿನಲ್ಲಿ ವಿಚಾರಿಸಿದಾಗ, ಅಲ್ಲಿದ್ದವರು ತಲೆ ಎತ್ತದೆಯೇ ಮೇಜಿನ ಗಾಜಿನಡಿಯ ಕಾರ್ಡೊಂದರ ಮೇಲೆ ಬೆರಳಿಟ್ಟರು. ಹೊರಗೆ ಬಂದು ಎದುರಿನ ಪುಸ್ತಕದಂಗಡಿಯಲ್ಲಿ ಪೆನ್ನು ಕೊಳ್ಳುತ್ತ ನಿನ್ನೆಯ ಊಟದ ವಿಷಯ ಕೇಳಿದೆ. ಅಂಗಡಿಯವರು ಕೈಯಲ್ಲಿದ್ದ ರಸೀದಿ ಪುಸ್ತಕ ಕೆಳಗಿಟ್ಟು, ಒಳಗಿದ್ದ ಹುಡುಗನನ್ನು ಕರೆದು, ‘ನಿನ್ನೆ ಎಲ್ಲಿಂದ ತಂದೆಯೋ?’ ಎಂದರು. ಹುಡುಗ ದಾರಿ ಹೇಳಿದ ಮೇಲೆ, ಕೇಳದಿದ್ದರೂ ಒಂದು ಮಾತು ಸೇರಿಸಿದ: ‘ಒಂದೂವರೆಯೊಳಗೆ ಹೋಗಿ ಸರ್, ಆಮೇಲೆ ಖಾಲಿಯಾಗಿರುತ್ತದೆ.’ ಮಾಡಿದ್ದು ಮುಗಿಯುವ ಅಡುಗೆಮನೆಯಲ್ಲಿ ನಿನ್ನೆಯದು ಉಳಿದಿರುವುದಿಲ್ಲ. ಆ ಒಂದು ಮಾತಿಗಾಗಿಯೇ ನಾನು ಅಲ್ಲಿಗೆ ಹೋದೆ, ಮೂರು ದಿನವೂ ಅಲ್ಲೇ ಉಂಡೆ.

ಸರಾಸರಿಯ ಗೆಳತಿ

ಸುತ್ತಾಟದವರ ಮಾತನ್ನು ಒಪ್ಪುತ್ತೇನೆ. ಆದರೆ ಅತಿಥಿಯವರ 4.8ರ ಬಗ್ಗೆಯೂ ಮಾತನಾಡಬೇಕು, ಏಕೆಂದರೆ ಫೋನನ್ನು ಸಂಪೂರ್ಣ ಬದಿಗಿಡುವುದು ಸರಿಯಾದ ಪಾಠವಲ್ಲ. ಅಂಕಿ ಅಂಶಗಳ ಕೆಲಸ ಮಾಡುವವಳಾಗಿ ಹೇಳುತ್ತೇನೆ, ರೇಟಿಂಗಿನ ಸಂಖ್ಯೆಯನ್ನು ಅದರ ಪಕ್ಕದ ಆವರಣದೊಳಗಿರುವ, ಎಷ್ಟು ಜನ ಬರೆದಿದ್ದಾರೆಂಬ ಸಂಖ್ಯೆಯಿಲ್ಲದೆ ಓದಲೇಬಾರದು. ಮಧ್ಯಮ ಊರುಗಳಲ್ಲಿ ಅಭಿಪ್ರಾಯ ಬರೆಯುವವರು ಕಡಿಮೆ ಇರುವುದರಿಂದ ಮಾಲೀಕರ ನೆಂಟರು, ಗೆಳೆಯರು ಸೇರಿ ಎಂಟು ಜನ ಬರೆದರೂ 4.9 ಆಗಿಬಿಡುತ್ತದೆ.

ನಾನು ಮಾಡುವ ಒಂದು ಲೆಕ್ಕವಿದೆ. ಆ ಊರಿನ ಹೋಟೆಲುಗಳ ಸಾಮಾನ್ಯ ರೇಟಿಂಗ್ 4.0 ಎಂದಿಟ್ಟುಕೊಂಡು, ಪ್ರತಿ ಹೋಟೆಲಿಗೂ ಅಷ್ಟೇ ಅಂಕದ 20 ಕಾಲ್ಪನಿಕ ಅಭಿಪ್ರಾಯಗಳನ್ನು ಸೇರಿಸಿ ಮತ್ತೆ ಸರಾಸರಿ ತೆಗೆಯುತ್ತೇನೆ. ಎಂಟು ಜನರಿಂದ 4.9 ಪಡೆದದ್ದು 4.26ಕ್ಕೆ ಇಳಿಯುತ್ತದೆ. 900 ಜನರಿಂದ 4.3 ಪಡೆದದ್ದು 4.29ರಲ್ಲಿ ನಿಲ್ಲುತ್ತದೆ. ಮೇಲೆ ಕೆಳಗೆ ಅದಲುಬದಲಾಯಿತು. ಪ್ರತಿ ಸಲ ಕಾಗದ ಪೆನ್ನು ಹಿಡಿಯಬೇಕಾಗಿಲ್ಲ, ಕೆಲವೇ ಜನರ ಹೊಗಳಿಕೆ ಎಷ್ಟು ಬೇಗ ಕರಗುತ್ತದೆ ಎಂಬ ಅಂದಾಜು ಮನಸ್ಸಿನಲ್ಲಿದ್ದರೆ ಸಾಕು.

ಅಭಿಪ್ರಾಯಗಳಿಗೆ ಹಣದ ಬೆಲೆಯಿದೆ ಎಂಬುದನ್ನೂ ಮರೆಯಬಾರದು. ಆಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮೈಕೆಲ್ ಲೂಕಾ ಅವರು ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಆದಾಯವನ್ನು ಗಿರಾಕಿಗಳು ಅಭಿಪ್ರಾಯ ಬರೆಯುವ ಯೆಲ್ಪ್ ಜಾಲತಾಣದ ರೇಟಿಂಗಿನ ಜೊತೆ ಇಟ್ಟು ನೋಡಿದಾಗ, ಒಂದು ನಕ್ಷತ್ರ ಹೆಚ್ಚಾದರೆ ಆದಾಯ ಶೇಕಡಾ 5ರಿಂದ 9ರಷ್ಟು ಹೆಚ್ಚುವುದು ಕಂಡಿತು. ಈ ಪರಿಣಾಮ ಕಂಡದ್ದು ಸ್ವತಂತ್ರ ಹೋಟೆಲುಗಳಲ್ಲಿ. ಎಲ್ಲೆಡೆ ಶಾಖೆಗಳಿರುವ ಸರಣಿ ಹೋಟೆಲುಗಳಲ್ಲಿ ಅಲ್ಲ. ಇಷ್ಟು ಲಾಭವಿರುವಾಗ ಸುಳ್ಳು ಬರೆಸುವವರೂ ಇರುತ್ತಾರೆ. 2017ರಲ್ಲಿ ಲಂಡನ್ನಿನ ಡಲ್ವಿಚ್‌ನಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತ ತಾನು ವಾಸವಿದ್ದ ಹಿತ್ತಲ ಶೆಡ್ಡನ್ನೇ ಹೋಟೆಲೆಂದು ನೋಂದಾಯಿಸಿ, ಗೆಳೆಯರಿಂದ ಅಭಿಪ್ರಾಯ ಬರೆಸಿ, ಅಂಥದೇ ಇನ್ನೊಂದು ತಾಣವಾದ ಟ್ರಿಪ್‌ಅಡ್ವೈಸರ್‌ನಲ್ಲಿ ಅದನ್ನು ಇಡೀ ಲಂಡನ್ನಿನ ಮೊದಲನೇ ಸ್ಥಾನಕ್ಕೆ ಏರಿಸಿದ್ದರು. ಅಲ್ಲಿಯವರೆಗೆ ಅಲ್ಲಿ ಒಬ್ಬ ಗಿರಾಕಿಗೂ ಊಟ ಬಡಿಸಿರಲಿಲ್ಲ.

ಹಾಗಾಗಿ ನಾನು ಸಂಖ್ಯೆಯನ್ನು ಬಿಟ್ಟು ಬರಹ ಓದುತ್ತೇನೆ. ಇತ್ತೀಚಿನವನ್ನು ಮೊದಲಿಗೆ ತಂದುಕೊಂಡು, ಐದು ಮತ್ತು ಒಂದು ನಕ್ಷತ್ರದವನ್ನು ದಾಟಿ, ಮೂರು ನಕ್ಷತ್ರ ಕೊಟ್ಟವರ ಮಾತಿಗೆ ಬರುತ್ತೇನೆ. ಅವರು ಕೋಪದಲ್ಲಿಯೂ ಇರುವುದಿಲ್ಲ, ಉಪಕಾರದ ಭಾರದಲ್ಲಿಯೂ ಇರುವುದಿಲ್ಲ. ‘ರುಚಿ ಚೆನ್ನಾಗಿದೆ, ರಾತ್ರಿ ಒಂಬತ್ತರ ಮೇಲೆ ಹೋದರೆ ಅರ್ಧ ಪದಾರ್ಥ ಇರುವುದಿಲ್ಲ’ ಎಂಬಂಥ ಸಾಲು ಸಿಕ್ಕರೆ ಅದು ಹತ್ತು ಹೊಗಳಿಕೆಗಿಂತ ಉಪಯುಕ್ತ. ಹೋಟೆಲಿನವರೇ ಹಾಕಿದ ಚಿತ್ರಗಳಿಗಿಂತ ಗಿರಾಕಿಗಳು ಅರ್ಧ ತಿಂದು ತೆಗೆದ ಚಿತ್ರಗಳನ್ನು ನೋಡಿ.

ನಡೆದು ನೋಡುವವ

ಇಷ್ಟೆಲ್ಲ ಏಕೆ? ಜನ ತುಂಬಿರುವಲ್ಲಿ ಹೋಗಿ ಕುಳಿತರೆ ಆಯಿತಲ್ಲವೇ? ನನ್ನ ತಂದೆ ಕಲಿಸಿದ್ದು ಅಷ್ಟೇ, ಮೂವತ್ತು ವರ್ಷಗಳಲ್ಲಿ ನನಗೆ ಅದರಿಂದ ಬಹುಮಟ್ಟಿಗೆ ಒಳ್ಳೆಯದೇ ಆಗಿದೆ.

ಸರಾಸರಿಯ ಗೆಳತಿ

ತಮ್ಮ ತಂದೆಯವರ ಮಾತಿನಲ್ಲಿ ಅನುಭವವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಅವರು 1992ರಲ್ಲಿ ಒಂದು ಪ್ರಬಂಧ ಬರೆದಿದ್ದರು. ಅಕ್ಕಪಕ್ಕದಲ್ಲಿ ಎರಡು ಹೋಟೆಲುಗಳಿವೆ, ನೂರು ಜನ ಒಬ್ಬರ ಹಿಂದೊಬ್ಬರು ಬರುತ್ತಾರೆ ಎಂದಿಟ್ಟುಕೊಳ್ಳಿ. ಮೊದಲನೆಯದು ಉತ್ತಮವಾಗಿರುವ ಸಾಧ್ಯತೆ ಕೂದಲೆಳೆಯಷ್ಟು ಹೆಚ್ಚೆಂದು ಎಲ್ಲರಿಗೂ ಗೊತ್ತು. ಆದರೆ ನೂರರಲ್ಲಿ ತೊಂಬತ್ತೊಂಬತ್ತು ಜನರ ಸ್ವಂತ ಮಾಹಿತಿ ಎರಡನೆಯದೇ ಉತ್ತಮ ಎನ್ನುತ್ತಿದೆ. ಆ ಉಳಿದೊಬ್ಬರು ಸಾಲಿನ ಮುಂದೆ ನಿಂತಿದ್ದು ಮೊದಲನೆಯದಕ್ಕೆ ಹೊಕ್ಕರೆ, ಎರಡನೆಯವರು ಅದನ್ನು ಕಂಡು ತಮ್ಮ ಮಾಹಿತಿಯನ್ನು ಬದಿಗಿಟ್ಟು ಹಿಂಬಾಲಿಸುತ್ತಾರೆ, ಮೂರನೆಯವರೂ ಹಾಗೆಯೇ ಮಾಡುತ್ತಾರೆ. ಕೊನೆಗೆ ನೂರೂ ಜನ ಅಷ್ಟೇನೂ ಚೆನ್ನಾಗಿಲ್ಲದ ಹೋಟೆಲಿನಲ್ಲಿ ಕುಳಿತಿರುತ್ತಾರೆ, ಪಕ್ಕದ್ದು ಖಾಲಿ ಇರುತ್ತದೆ. ಬೀಜಿಂಗ್‌ನ ಒಂದು ಹೋಟೆಲ್ ಸರಣಿಯಲ್ಲಿ ನಡೆಸಿ 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅತಿ ಹೆಚ್ಚು ಮಾರಾಟವಾಗುವ ಐದು ಪದಾರ್ಥಗಳ ಹೆಸರನ್ನು ಮೇಜಿನ ಮೇಲೆ ಬರೆದಿಟ್ಟಾಗ ಅವುಗಳ ಬೇಡಿಕೆ ಶೇಕಡಾ 13ರಿಂದ 20ರಷ್ಟು ಏರಿತ್ತು.

ನೂಕುನುಗ್ಗಲಿನ ಒಂದು ಭಾಗ ಹೀಗೆ ನೂಕುನುಗ್ಗಲಿನಿಂದಲೇ ಹುಟ್ಟಿದ್ದು. ಒಳಗಿರುವವರು ನಮ್ಮ ಹಾಗೆಯೇ ಹೊರಗಿನಿಂದ ನೋಡಿ ಬಂದವರಾಗಿದ್ದರೆ ಅವರ ಸಂಖ್ಯೆಗೆ ಬೆಲೆ ಕಡಿಮೆ. ಊರಿನವರೇ ಆಗಿದ್ದು ನಿನ್ನೆ ಮೊನ್ನೆ ಉಂಡು ಇಂದು ಮತ್ತೆ ಬಂದವರಾಗಿದ್ದರೆ ಪ್ರತಿಯೊಬ್ಬರಿಗೂ ಸ್ವಂತ ಮಾಹಿತಿಯಿದೆ.

ಸುತ್ತಾಟದ ನೌಕರಿ

ಈ ಕೊನೆಯ ಮಾತನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಮರಳಿ ಬರುವ ಗಿರಾಕಿ ಮೆನು ಕೇಳುವುದಿಲ್ಲ. ಬಂದು ಕೂರುವಷ್ಟರಲ್ಲಿ ಸಪ್ಲೈಯರ್ ನೀರಿನ ಲೋಟ ಇಟ್ಟು, ಹುಬ್ಬು ಹಾರಿಸಿ, ತಲೆಯಾಡಿಸುವುದನ್ನು ನೋಡಿ ಒಳಗೆ ಹೋಗುತ್ತಾನೆ. ಬಾಗಿಲಲ್ಲಿ ಐದು ನಿಮಿಷ ನಿಂತು ಇಂಥ ನಾಲ್ಕು ಜನರನ್ನು ಕಂಡರೆ ನಾನು ಒಳಗೆ ಹೋಗುತ್ತೇನೆ.

ಹಳೇ ಬಾಣಸಿಗ

ಎಲ್ಲರೂ ಹೋಟೆಲಿನ ಮುಂಭಾಗದಿಂದ ಮಾತನಾಡುತ್ತಿದ್ದೀರಿ, ನಾನು ಇಪ್ಪತ್ತೆರಡು ವರ್ಷ ಹಿಂಭಾಗದಲ್ಲಿ ನಿಂತವನು. ಮೂರು ಅಡುಗೆಮನೆಗಳಲ್ಲಿ ಕೆಲಸ ಮಾಡಿ ಈಗ ಬಿಟ್ಟಿದ್ದೇನೆ. ಎಲ್ಲಿ ಉಣ್ಣಬೇಕು ಎಂಬುದರಷ್ಟೇ, ಎಷ್ಟು ಹೊತ್ತಿಗೆ ಉಣ್ಣಬೇಕು ಎಂಬುದನ್ನೂ ಕೇಳಿಕೊಳ್ಳಿ ಎಂಬುದು ನನ್ನ ಮುಖ್ಯ ಮಾತು. ಒಂದೇ ಹೋಟೆಲ್ ಹನ್ನೆರಡೂವರೆಗೆ ಒಂದು ಬಗೆ, ಮೂರೂವರೆಗೆ ಇನ್ನೊಂದು ಬಗೆ. ಮಧ್ಯಾಹ್ನದ ಮೊದಲ ಪಾತ್ರೆಗಳು ಒಲೆಯಿಂದ ಇಳಿದಾಗ ಅಡುಗೆಯವರ ಗಮನವೆಲ್ಲ ಅಲ್ಲಿರುತ್ತದೆ. ಒಂದು ಗಂಟೆಯ ಹೊತ್ತಿಗೆ ಪಾತ್ರೆ ಬರಿದಾಗಿ ಎರಡನೆಯದು ಏರುತ್ತದೆ. ಮೂರರ ನಂತರ ಒಲೆ ಆರಿಸಿ, ಉಳಿದದ್ದನ್ನು ಒಂದೆಡೆ ಇಟ್ಟು, ಕೆಲಸದವರು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಆಗ ಬಂದ ಗಿರಾಕಿಗೆ ಇಲ್ಲವೆನ್ನಲು ಮಾಲೀಕರಿಗೆ ಮನಸ್ಸಾಗುವುದಿಲ್ಲ. ಇಟ್ಟದ್ದನ್ನು ಅವಸರದಲ್ಲಿ ಬಿಸಿಮಾಡಿ ಕೊಡುತ್ತಾರೆ. ಅತಿಥಿಯವರೇ, ನಿಮ್ಮ ತಂದೆಯವರ ತಟ್ಟೆಯಲ್ಲಿ ಅಂಚು ಸುಡುತ್ತ ನಡುಭಾಗ ತಣ್ಣಗಿದ್ದುದು ಹೀಗೆಯೇ ಇರಬೇಕು. ಅದನ್ನು ಹಿಂದಕ್ಕೆ ಕಳಿಸಲು ಸಂಕೋಚಪಡಬೇಡಿ.

ಇದರ ಹಿಂದಿನ ಕಾರಣ ಸರಳ. ಆಹಾರವನ್ನು ಕೆಡಿಸುವ, ಕಾಯಿಲೆ ತರುವ ಸೂಕ್ಷ್ಮಜೀವಿಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗ ಬೆಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರಡಿಸಿದ ಸುರಕ್ಷಿತ ಆಹಾರದ ಐದು ಸೂತ್ರಗಳು ಅಡುಗೆಮನೆಯವರಾದ ನಮಗೆ ಬಾಯಿಪಾಠವಾಗಬೇಕಾದವು: ಶುಚಿತ್ವ, ಹಸಿ ಮತ್ತು ಬೆಂದದ್ದನ್ನು ಬೇರೆ ಇಡುವುದು, ಚೆನ್ನಾಗಿ ಬೇಯಿಸುವುದು, ಸರಿಯಾದ ಉಷ್ಣತೆಯಲ್ಲಿಡುವುದು, ಶುದ್ಧ ನೀರು ಮತ್ತು ಪದಾರ್ಥ ಬಳಸುವುದು. ಬೆಂದದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿನ ಉಷ್ಣತೆಯಲ್ಲಿ ಬಿಡಬಾರದು, ಬೇಯಿಸುವಾಗ ಒಳಭಾಗ 70 ಡಿಗ್ರಿ ಮುಟ್ಟಬೇಕು. ಮತ್ತೆ ಬಿಸಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಬೇಯಿಸಿದರೂ ಬದುಕಿ ಉಳಿಯುತ್ತವೆ. ಬೆಂದ ಧಾನ್ಯ ಬೆಚ್ಚಗೆ ಬಹಳ ಹೊತ್ತು ಉಳಿದರೆ ಅವು ಬೆಳೆದು ವಾಂತಿ ತರಿಸುವ ವಿಷವನ್ನು ಬಿಡುತ್ತವೆ, ಮತ್ತು ಆ ವಿಷ ಮರುಬಿಸಿಗೆ ಜಗ್ಗುವುದಿಲ್ಲ.

ಇನ್ನು ಮೆನು. ಮೂವತ್ತು ಜನ ಕೂರುವ ಹೋಟೆಲಿನಲ್ಲಿ ನೂರೈವತ್ತು ಪದಾರ್ಥಗಳ ಪಟ್ಟಿ ಕಂಡರೆ ನನಗೆ ಆತಂಕವಾಗುತ್ತದೆ. ಅಷ್ಟನ್ನೂ ಆಗಿಂದಾಗ ಮಾಡಿಕೊಡಲು ಯಾರಿಂದಲೂ ಆಗದು. ಮೊದಲೇ ಮಾಡಿ ಫ್ರಿಜ್ಜಿನಲ್ಲಿಟ್ಟ ಮೂರ್ನಾಲ್ಕು ಮೂಲ ಮಿಶ್ರಣಗಳು ಹೆಸರು ಬದಲಿಸಿಕೊಂಡು ಹೊರಬರುತ್ತವೆ. ಹತ್ತು ಹನ್ನೆರಡು ಪದಾರ್ಥ ಮಾಡುವ ಜಾಗದಲ್ಲಿ ಪ್ರತಿಯೊಂದೂ ದಿನಕ್ಕೆ ಎಷ್ಟೋ ಬಾರಿ ಹೊರಹೋಗುವುದರಿಂದ ಸಾಮಗ್ರಿ ಹಳತಾಗಲು ಅವಕಾಶವೇ ಇರುವುದಿಲ್ಲ. ಕರಿದ ತಿಂಡಿಗೆ ಮೊದಲು ಬಾಣಲೆ ಕಾಣುವಂತಿದ್ದರೆ ನೋಡಿ: ಎಣ್ಣೆ ಕಪ್ಪಾಗಿ, ಮೇಲೆ ನೊರೆ ನಿಂತು, ಏನೂ ಹಾಕದೆಯೇ ಹೊಗೆಯಾಡುತ್ತಿದ್ದರೆ ಅದನ್ನು ಬಹಳ ಸಲ ಕಾಯಿಸಲಾಗಿದೆ. ಇಂಥ ಎಣ್ಣೆ ಒಡೆದು ಅದರಲ್ಲಿ ಸೇರಿಕೊಳ್ಳುವ ಧ್ರುವೀಯ ಸಂಯುಕ್ತಗಳೆಂಬ ಕೆಟ್ಟ ಅಂಶಗಳ ಮಿತಿಯನ್ನು ಹಲವು ದೇಶಗಳು ಶೇಕಡಾ 25ರ ಆಸುಪಾಸಿನಲ್ಲಿಟ್ಟಿವೆ, ಗಿರಾಕಿಗೆ ಅದನ್ನು ಅಳೆಯಲಾಗದು, ಆದರೆ ಬಣ್ಣ ಮತ್ತು ವಾಸನೆ ಸಾಕಷ್ಟು ಹೇಳುತ್ತವೆ.

ಕೊನೆಯದಾಗಿ, ನಾನು ಎಲ್ಲಿಗೆ ಹೋದರೂ ನೋಡುವ ಒಂದು ವಸ್ತುವಿದೆ. ಕೆಲಸದವರು ಕೈ ತೊಳೆಯುವ ನಲ್ಲಿಯ ಬಳಿಯ ಸೋಪು. ಊಟದ ಹೊತ್ತಿನಲ್ಲಿ ಅದು ಒದ್ದೆಯಾಗಿ, ಅಂಚು ಸವೆದು, ಕೆಳಗೆ ನೀರು ನಿಂತಿರಬೇಕು. ಒಣಗಿ ಬಿರುಕುಬಿಟ್ಟ ಸೋಪನ್ನು ಕಂಡ ದಿನ ನಾನು ಎದ್ದು ಬಂದಿದ್ದೇನೆ.

ನಾಲ್ಕು ದಿನದ ಅತಿಥಿ

ಬಾಣಸಿಗರೇ, ಬಹಳ ಉಪಕಾರವಾಯಿತು. ಎರಡು ಅನುಮಾನಗಳಿವೆ. ತಂದೆಯವರಿಗೆ ಉಪ್ಪು ಕಡಿಮೆ ಮಾಡಿಸಬೇಕು, ಆದರೆ ನೀವು ಹೇಳುವ ನೂಕುನುಗ್ಗಲಿನ ಹೊತ್ತಿನಲ್ಲಿ ನಮ್ಮ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಇನ್ನೊಂದು, ನಾವು ಊರು ತಲುಪುವುದೇ ರಾತ್ರಿ ಹತ್ತೂವರೆಗೆ.

ಹಳೇ ಬಾಣಸಿಗ

ಊಟ ಆರಂಭವಾದ ಮೊದಲ ಅರ್ಧ ಗಂಟೆಯೊಳಗೆ ಹೋಗಿ. ಆಗ ಅಡುಗೆ ಹೊಸದಾಗಿರುತ್ತದೆ, ಮೇಜುಗಳು ತುಂಬಿರುವುದಿಲ್ಲ, ಅಡುಗೆಯವರಿಗೆ ಕೇಳಿಸಿಕೊಳ್ಳುವ ತಾಳ್ಮೆಯಿರುತ್ತದೆ. ಹೊತ್ತಿಗೆ ಸರಿಯಾಗಿ ಊಟವಾಗಬೇಕಾದ ಹಿರಿಯರಿಗೂ ಅದೇ ಅನುಕೂಲ. ಆದರೆ ದೊಡ್ಡ ಪಾತ್ರೆಯಲ್ಲಿ ಆಗಲೇ ಬೆಂದಿರುವುದರಿಂದ ಉಪ್ಪನ್ನು ಹೊರತೆಗೆಯಲು ಯಾರಿಗೂ ಸಾಧ್ಯವಿಲ್ಲ. ಸಪ್ಲೈಯರ್ ‘ಕಡಿಮೆ ಮಾಡಿಸುತ್ತೇನೆ’ ಎಂದರೆ, ಅದು ಆಗಿಂದಾಗ ಮಾಡುವ ಪದಾರ್ಥವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ದ್ರವರೂಪದ ಪದಾರ್ಥಗಳನ್ನೂ ಉಪ್ಪಿನಲ್ಲಿ ಹಾಕಿಟ್ಟವನ್ನೂ ಅವರಿಗೆ ಕಡಿಮೆ ಬಡಿಸಿ.

ಹತ್ತೂವರೆಯ ರಾತ್ರಿ ಹೊಸ ಹೋಟೆಲ್ ಹುಡುಕುವ ಸಮಯವಲ್ಲ. ಮನೆಯಿಂದ ಒಣ ತಿಂಡಿ ಮತ್ತು ನೀವೇ ಸಿಪ್ಪೆ ಸುಲಿಯುವ ಹಣ್ಣು ತಂದುಕೊಂಡು ಅಂದಿನ ರಾತ್ರಿ ಕಳೆಯಿರಿ. ಇನ್ನೊಂದು ಮಾತು: ಹೊಟ್ಟೆ ಕೆಟ್ಟಾಗ ಕೊನೆಯ ಊಟವನ್ನೇ ದೂರುವುದು ನಮ್ಮ ಅಭ್ಯಾಸ, ಆದರೆ ಎಲ್ಲ ಸಲವೂ ಅದು ನಿಜವಲ್ಲ. ಸ್ಟ್ಯಾಫಿಲೊಕಾಕಸ್ ಎಂಬ ಸೂಕ್ಷ್ಮಜೀವಿಯ ವಿಷ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ತೋರುತ್ತದೆ, ನೋರೋವೈರಸ್‌ಗೆ 12ರಿಂದ 48 ಗಂಟೆ ಬೇಕು, ಸಾಲ್ಮೊನೆಲ್ಲಾ ಎಂಬ ಇನ್ನೊಂದು ಸೂಕ್ಷ್ಮಜೀವಿ ಆರು ಗಂಟೆಯಿಂದ ಆರು ದಿನಗಳವರೆಗೂ ತಡೆಯಬಹುದು. ಫೋನಿನಲ್ಲಿ ‘ತಿಂದು ಒಂದು ಗಂಟೆಯಲ್ಲಿ ಕಾಯಿಲೆ ಬಿದ್ದೆ’ ಎಂದು ಬರೆದ ಪ್ರತಿಯೊಂದನ್ನೂ ಆ ಹೋಟೆಲಿನ ಲೆಕ್ಕಕ್ಕೆ ಹಾಕಬೇಡಿ. ದುಡಿಯುವವರ ಪರವಾಗಿ ಇಷ್ಟನ್ನು ಹೇಳಲೇಬೇಕೆನಿಸಿತು.

ಒಂಟಿ ಪಯಣ

ನಾನು ಕೆಲಸದ ಮೇಲೆ ಒಬ್ಬಳೇ ಓಡಾಡುವವಳು. ರುಚಿ ಮತ್ತು ಶುಚಿಯ ಜೊತೆಗೆ ನನಗೆ ಇನ್ನೊಂದು ಪ್ರಶ್ನೆಯಿರುತ್ತದೆ, ಅಲ್ಲಿ ಅರ್ಧ ಗಂಟೆ ನೆಮ್ಮದಿಯಿಂದ ಕುಳಿತಿರಲು ಆಗುತ್ತದೆಯೇ ಎಂಬುದು. ಈ ಚರ್ಚೆಯಲ್ಲಿ ಅದು ಇದುವರೆಗೆ ಬಂದಿಲ್ಲ. ಬಾಗಿಲಿನಿಂದ ನೋಡಿದಾಗ ಬೇರೆ ಹೆಂಗಸರು ಅಥವಾ ಮಕ್ಕಳೊಡನೆ ಬಂದವರು ಕಾಣುತ್ತಾರೆಯೇ, ಹೊರಗಿನ ರಸ್ತೆಗೆ ಬೆಳಕಿದೆಯೇ, ಗಲ್ಲಾದ ಮೇಲೆ ಕುಳಿತವರ ಕಣ್ಣಿಗೆ ನನ್ನ ಮೇಜು ಬೀಳುತ್ತದೆಯೇ ಎಂದು ನೋಡುತ್ತೇನೆ. ಶೌಚಾಲಯ ಎಲ್ಲಿದೆ ಎಂದು ಕುಳಿತುಕೊಳ್ಳುವ ಮೊದಲೇ ಕೇಳುತ್ತೇನೆ. ಆ ಪ್ರಶ್ನೆಗೆ ತಕ್ಷಣ, ಮುಖ ಸಿಂಡರಿಸದೆ ಉತ್ತರ ಬಂದರೆ ಅದನ್ನು ಬಳಸುವಂತೆ ಇಟ್ಟುಕೊಂಡಿದ್ದಾರೆಂದು ಅರ್ಥ. ಅತಿಥಿಯವರೇ, ನಿಮ್ಮ ತಂದೆ ಮತ್ತು ಮಗಳಿಗೂ ಇದು ಬೇಕಾಗುತ್ತದೆ. ಮೆಟ್ಟಿಲು ಹತ್ತಿ ಹೋಗಬೇಕೇ ಎಂದೂ ಕೇಳಿಕೊಳ್ಳಿ.

ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆ ಎಲ್ಲರಿಗೂ ಬರೀ ರುಚಿಯ ಪ್ರಶ್ನೆಯಾಗಿರಲಿಲ್ಲ. ಟೈರ್ ತಯಾರಿಸುವ ಮಿಶಲಿನ್ ಕಂಪನಿ 1900ರಲ್ಲಿ ಫ್ರಾನ್ಸಿನ ಕಾರು ಸವಾರರಿಗೆ ಹೊರತಂದ ಕೈಪಿಡಿ ಮುಂದೆ 1926ರಿಂದ ನಕ್ಷತ್ರ ಕೊಡತೊಡಗಿ ಲೋಕಪ್ರಸಿದ್ಧವಾಯಿತು. 1936ರಲ್ಲಿ ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ ಇನ್ನೊಂದು ಬಗೆಯ ಕೈಪಿಡಿ ಹೊರತರಲು ಆರಂಭಿಸಿದರು. ವರ್ಣಭೇದದ ಕಾಲದ ಅಮೆರಿಕದಲ್ಲಿ ಕರಿಯ ಪ್ರಯಾಣಿಕರು ಅವಮಾನವಿಲ್ಲದೆ, ಅಪಾಯವಿಲ್ಲದೆ ಎಲ್ಲಿ ಉಣ್ಣಬಹುದು, ಎಲ್ಲಿ ತಂಗಬಹುದು ಎಂಬ ವಿಳಾಸಗಳು ಅದರಲ್ಲಿದ್ದವು. ಆ ಎರಡನೆಯ ಕೈಪಿಡಿಯನ್ನು ನೆನೆದಾಗಲೆಲ್ಲ, ನಮ್ಮನ್ನು ಮರ್ಯಾದೆಯಿಂದ ಕೂರಿಸಿದ ಜಾಗದ ಬಗ್ಗೆ ಅದನ್ನೇ ಸ್ಪಷ್ಟವಾಗಿ ಬರೆಯಬೇಕು ಎನಿಸುತ್ತದೆ.

ಎಚ್ಚರದ ತಾಯಿ

ಚಿಕ್ಕದೊಂದು ಸೇರ್ಪಡೆ. ನನ್ನ ಮಗನಿಗೆ ಕಡಲೆಕಾಯಿಯ ಅಲರ್ಜಿಯಿದೆ. ಯುರೋಪ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲಿನವರೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕೆಂಬ ನಿಯಮವಿದೆ, ಎಲ್ಲ ಕಡೆ ಹಾಗಿಲ್ಲ. ‘ಇದರಲ್ಲಿ ಕಡಲೆಕಾಯಿ ಇದೆಯೇ?’ ಎಂದರೆ ಅವಸರದಲ್ಲಿ ‘ಇಲ್ಲ’ ಎಂಬ ಉತ್ತರ ಬರುತ್ತದೆ. ‘ಇದನ್ನು ಯಾವ ಎಣ್ಣೆಯಲ್ಲಿ ಮಾಡುತ್ತೀರಿ, ಅದೇ ಬಾಣಲೆಯಲ್ಲಿ ಬೇರೆ ಏನು ಕರಿಯುತ್ತೀರಿ?’ ಎಂದು ಕೇಳಿದರೆ ಅವರು ಒಳಗೆ ಹೋಗಿ ಕೇಳಿಬರಲೇಬೇಕಾಗುತ್ತದೆ. ಕಾಗದದ ಮೇಲೆ ಆ ಊರಿನ ಭಾಷೆಯಲ್ಲಿ ಬರೆಸಿಕೊಂಡು ಅಡುಗೆಯವರ ಕೈಗೇ ಕೊಡುವುದು ಇನ್ನೂ ಒಳ್ಳೆಯದು.

ನಡೆದು ನೋಡುವವ

ಎಲ್ಲವನ್ನೂ ಓದಿದೆ, ಹಲವು ವಿಷಯಗಳಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಆದರೂ ಪ್ರತಿ ಊಟವನ್ನೂ ಪರೀಕ್ಷೆಯಂತೆ ಮಾಡಿಕೊಂಡರೆ ಹೊಸ ಊರನ್ನು ಕಾಣುವ ಸಂತೋಷ ಎಲ್ಲಿ ಉಳಿಯುತ್ತದೆ ಎಂದು ಮನಃಪೂರ್ವಕವಾಗಿ ಕೇಳುತ್ತಿದ್ದೇನೆ. ನನ್ನ ನೆನಪಿನಲ್ಲಿ ಉಳಿದ ಊಟಗಳಲ್ಲಿ ಹೆಚ್ಚಿನವು ದಾರಿ ತಪ್ಪಿ ಸಿಕ್ಕವು.

ಸರಾಸರಿಯ ಗೆಳತಿ

ಅದಕ್ಕೂ ಒಂದು ಲೆಕ್ಕವಿದೆ, ಈ ಸಲ ಅದು ತಮ್ಮ ಪರವಾಗಿದೆ. ಒಂದರ ನಂತರ ಒಂದು ಎದುರಾಗುವ ಆಯ್ಕೆಗಳಲ್ಲಿ, ಬಿಟ್ಟದ್ದು ಮತ್ತೆ ಸಿಗದಿದ್ದರೆ, ಮೊದಲ ಶೇಕಡಾ 37ರಷ್ಟನ್ನು ನೋಡಲಿಕ್ಕೇ ಮೀಸಲಿಟ್ಟು, ನಂತರ ಅವೆಲ್ಲಕ್ಕಿಂತ ಉತ್ತಮವಾದದ್ದು ಸಿಕ್ಕ ಕೂಡಲೇ ಹಿಡಿಯಬೇಕೆಂದು ಗಣಿತ ಹೇಳುತ್ತದೆ. ನಾಲ್ಕು ದಿನಕ್ಕೆ ಎಂಟು ಮುಖ್ಯ ಊಟಗಳೆಂದರೆ ಅದು ಸುಮಾರು ಮೂರು. ಹೋಟೆಲಿನ ವಿಷಯ ಇದಕ್ಕಿಂತ ಸುಲಭ, ಏಕೆಂದರೆ ಮೊದಲನೆಯದು ಚೆನ್ನಾಗಿದ್ದರೆ ಅಲ್ಲಿಗೇ ಮರಳಿ ಹೋಗಬಹುದು. ಆದ್ದರಿಂದ ಆರಂಭದಲ್ಲಿ ಮೂರು ಬೇರೆ ಬೇರೆ ಜಾಗ ನೋಡಿ, ಕೊನೆಯ ಎರಡು ದಿನ ಮನಸ್ಸಿಗೆ ಒಪ್ಪಿದಲ್ಲಿಗೆ ಹೋಗಿ. ಹೊರಡುವ ದಿನ ಮಾತ್ರ ಹೊಸದನ್ನು ಪ್ರಯತ್ನಿಸಬೇಡಿ, ಆ ಊಟದ ಪರಿಣಾಮವನ್ನು ಪ್ರಯಾಣದಲ್ಲಿ ಅನುಭವಿಸಬೇಕಾಗುತ್ತದೆ.

ನಾಲ್ಕು ದಿನದ ಅತಿಥಿ

ನಿನ್ನೆ ಊರಿಗೆ ಮರಳಿದೆವು, ವಿವರ ಬರೆಯುತ್ತಿದ್ದೇನೆ. ಮೊದಲ ರಾತ್ರಿ ತಂದುಕೊಂಡಿದ್ದ ತಿಂಡಿ ಮತ್ತು ಬಾಳೆಹಣ್ಣಿನಲ್ಲಿ ಮುಗಿಸಿದೆವು. ಮರುದಿನ ಬೆಳಿಗ್ಗೆ ಔಷಧದಂಗಡಿಯಲ್ಲಿ ತಂದೆಯ ಮಾತ್ರೆ ಕೊಳ್ಳುತ್ತ ‘ನಿನ್ನೆ ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ?’ ಎಂದು ಕೇಳಿದೆ. ಅಂಗಡಿಯವರು ನಕ್ಕು, ತಾವು ಮನೆಯಿಂದ ಡಬ್ಬಿ ತರುವುದಾಗಿ ಹೇಳಿದರು. ಆದರೆ ಅವರ ಸಹಾಯಕಿ, ತಾನು ಎರಡು ಬೀದಿ ಆಚೆ ಹೋಗುವುದಾಗಿಯೂ, ಶನಿವಾರ ಮಾತ್ರ ಅಲ್ಲಿ ಬೇರೆ ಅಡುಗೆಯವರು ಇರುವುದರಿಂದ ಅಂದು ಬೇಡವೆಂದೂ ಹೇಳಿದರು. ಇಂಥ ಮಾಹಿತಿ ಯಾವ ಫೋನಿನಲ್ಲಿ ಸಿಗುತ್ತದೆ!

ಅಲ್ಲಿಗೆ ಹನ್ನೆರಡು ಕಾಲಿಗೆ ಹೋದೆವು. ಮೆನು ಎಂದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂಬತ್ತು ಸಾಲುಗಳು, ಅವುಗಳಲ್ಲಿ ಒಂದನ್ನು ಆಗಲೇ ಅಳಿಸಿದ್ದರು. ಬಾಣಸಿಗರ ಮಾತನ್ನು ದಾರಿಯಲ್ಲಿ ಮಗಳಿಗೆ ಹೇಳಿದ್ದೆ. ಅವಳು ಕೈ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋಗಿ ನೋಡಿಬಂದು, ‘ಸೋಪು ಒದ್ದೆಯಾಗಿದೆ ಅಜ್ಜ, ಕೂತುಕೊಳ್ಳಬಹುದು’ ಎಂದು ಎಲ್ಲರಿಗೂ ಕೇಳುವಂತೆ ವರದಿ ಒಪ್ಪಿಸಿದಳು. ಉಪ್ಪಿನ ಬಗ್ಗೆ ಕೇಳಿದಾಗ ಒಂಬತ್ತರಲ್ಲಿ ಎರಡನ್ನು ಮಾತ್ರ ಆಗಿಂದಾಗ ಮಾಡುವುದಾಗಿ ಅವರು ಪ್ರಾಮಾಣಿಕವಾಗಿ ಹೇಳಿದರು, ತಂದೆ ಆ ಎರಡನ್ನೇ ತೆಗೆದುಕೊಂಡರು. ಸಂಜೆ ಹೋದ ಎರಡನೆಯ ಜಾಗ, ಹೊರಗೆ ದೊಡ್ಡ ಸಾಲಿದ್ದುದು, ನಮಗೆ ಹಿಡಿಸಲಿಲ್ಲ. ಒಳಗಿದ್ದವರಲ್ಲಿ ಹೆಚ್ಚಿನವರು ನಮ್ಮಂತೆಯೇ ಚೀಲ ಹಿಡಿದವರಾಗಿದ್ದರು. ಮೂರನೆಯ ದಿನದಿಂದ ಮೊದಲನೆಯದಕ್ಕೇ ಮರಳಿದೆವು. ಯಾರ ಹೊಟ್ಟೆಯೂ ಕೆಡಲಿಲ್ಲ, ಹೋದ ಕೆಲಸವೂ ಮುಗಿಯಿತು.

ಒಂಟಿ ಪಯಣ ಮೇಡಂ ಹೇಳಿದ್ದನ್ನು ಗಮನದಲ್ಲಿಟ್ಟು, ನಾವು ಉಂಡ ಪ್ರತಿ ಹೋಟೆಲಿನ ಬಗ್ಗೆಯೂ ಫೋನಿನಲ್ಲಿ ಅಭಿಪ್ರಾಯ ಬರೆದಿದ್ದೇನೆ. ಯಾವ ವಾರ, ಎಷ್ಟು ಹೊತ್ತಿಗೆ ಹೋದೆವು, ಏನು ತಿಂದೆವು, ಉಪ್ಪಿನ ಬಗ್ಗೆ ಕೇಳಿದಾಗ ಏನೆಂದರು, ಶೌಚಾಲಯಕ್ಕೆ ಎಷ್ಟು ಮೆಟ್ಟಿಲು, ಶನಿವಾರ ಅಡುಗೆಯವರು ಬೇರೆ ಎಂಬುದು, ಎಲ್ಲವೂ ಅದರಲ್ಲಿದೆ. ಮೊದಲನೆಯದಕ್ಕೆ ನಾಲ್ಕು ನಕ್ಷತ್ರ ಕೊಟ್ಟೆ, ಸಾಲಿದ್ದ ಜಾಗಕ್ಕೆ ಮೂರು.